ಎರಡು ಸಲ ಆರಿಸಿದ ಕರ್ಪೂರ

ಭವ್ಯ ಮೈಕನ್ನು ಎಡಗೈಯಲ್ಲೇ ಹಿಡಿಯುತ್ತಾಳೆ. ಅದನ್ನು ಸ್ಟೈಲು ಅಂದುಕೊಂಡವರಿದ್ದಾರೆ. ಹಾಗೇ ಹಿಡಿದು ಮಾತಾಡಲು ಹೋದ ಕಾಲೇಜು ಹುಡುಗಿಯರೂ ಒಬ್ಬಿಬ್ಬರು ಇದ್ದಾರೆ. ಪಾಪ, ಅವರಿಗೆ ಯಾರು ಹೇಳಬೇಕು, ಅವಳ ಬಲಗೈಗೆ ಮುಷ್ಟಿ ಕಟ್ಟಲು ಬರುವುದಿಲ್ಲ ಎಂದು. ಅಂಗೈಯ ಚರ್ಮ ಸುಟ್ಟು ಸುಕ್ಕುಗಟ್ಟಿ, ಬೆರಳುಗಳು ಅರ್ಧಕ್ಕೇ ಬಾಗಿ ನಿಂತುಬಿಟ್ಟಿವೆ. ಹೆಣ್ಣನ್ನೂ ಪ್ರೀತಿಸಿದ್ದೇನೆ, ಗಂಡನ್ನೂ ಪ್ರೀತಿಸಿದ್ದೇನೆ ಎಂದು ಮಧುಗಿರಿ ಸೀಮೆಯಲ್ಲಿ ಬಾಯಿಬಿಟ್ಟು ಹೇಳಿದ್ದಕ್ಕೆ ಸಿಕ್ಕ ಮೊದಲ ಸಂಭಾವನೆ ಅದು.

ಅವಳ ಊರು ಪುರವರ. ತಾಯಿ ಇಲ್ಲದ ಮನೆ. ಅಪ್ಪ ರೇಣುಕಯ್ಯ ಬೇಸಾಯದ ಜೊತೆಗೆ ಊರಿಗೆ ನ್ಯಾಯ ಹೇಳುವವರು. ಬದುವಿನ ಜಗಳವಾಗಲಿ, ಕಳುವಾದ ಪಂಪಿನ ಕೇಬಲ್ಲಾಗಲಿ, ಜನ ಸ್ಟೇಷನ್ನಿಗಿಂತ ಮೊದಲು ಅವರ ಜಗಲಿಗೆ ಬರುತ್ತಿದ್ದರು. ಮಾತಿನಲ್ಲಿ ಬಗೆಹರಿಯದ್ದು ವೀರಭದ್ರಸ್ವಾಮಿ ಗುಡಿ ಮುಂದಿನ ಚಪ್ಪಡಿಗೆ ಹೋಗುತ್ತಿತ್ತು. ಅಲ್ಲಿ ರೇಣುಕಯ್ಯ ಕರ್ಪೂರ ಹಚ್ಚುತ್ತಿದ್ದರು. ಆಣೆ ಮಾಡುವವರು ತಮ್ಮ ಮಾತು ಹೇಳಿ ಉರಿಯನ್ನು ಬರಿ ಅಂಗೈಯಿಂದ ಆರಿಸಬೇಕು. ಆರಿಸಿದರೆ ಮುಗಿಯಿತು. ಆಮೇಲೆ ಆ ವಿಷಯವನ್ನು ಯಾರೂ ಎತ್ತುವಂತಿಲ್ಲ, ಎತ್ತಿದವನನ್ನು ಗುಡಿ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಅದರ ಒಳಗುಟ್ಟನ್ನು ಮಗಳಿಗೆ ಹೇಳಿಕೊಟ್ಟವರೂ ಅವರೇ. ಚಿಕ್ಕವಳಿದ್ದಾಗ ದೇವರ ಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ಅಂಗೈ ಚಪ್ಪಟೆ ಮಾಡ್ಕಂಡು ಒಂದೇ ಏಟ್ಗೆ ಒತ್ಬುಡ್ಬೇಕು ಕಣಮ್ಮ. ಒಳಿಕ್ಕೆ ಗಾಳಿ ಹೋಗ್ದಿದ್ರೆ ಉರಿ ಸತ್ತೋಯ್ತದೆ. ಸುಳ್ಳು ಹೇಳೋನ್ಗೆ ಭಯ, ಕೈ ಬಾಗ್ತದೆ, ಗಾಳಿ ನುಗ್ತದೆ, ಸುಡ್ತದೆ" ಎಂದಿದ್ದರು. ಭವ್ಯ ಅಂದೇ ಒಂದು ಬಿಲ್ಲೆ ಹಚ್ಚಿ ಆರಿಸಿ, ಕೈ ತಿರುಗಿಸಿ ತೋರಿಸಿದ್ದಳು. ಕಪ್ಪು ಮಸಿ ಬಿಟ್ಟರೆ ಏನೂ ಆಗಿರಲಿಲ್ಲ. ಸಭೆಯಲ್ಲಿ ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಸುಮ್ಮನಿದ್ದು ಜನರನ್ನು ಕಾಯಿಸಬೇಕು ಅನ್ನುವುದನ್ನೂ ಅವಳು ಕಲಿತದ್ದು ಆ ಜಗಲಿಯ ಬಾಗಿಲ ಸಂದಿನಲ್ಲಿ ನಿಂತೇ.

ಮಧುಗಿರಿಯಲ್ಲಿ ಡಿಗ್ರಿ ಓದುವಾಗ ದೊಡ್ಡೇರಿಯ ರಕ್ಷಾ ಸಿಕ್ಕಳು. ಗೆಳತಿಯರು ಅಂತ ಲೋಕ ಅಂದುಕೊಂಡಿತು, ಇವರಿಬ್ಬರಿಗೆ ಮಾತ್ರ ಗೊತ್ತಿತ್ತು ಅದೇನೆಂದು. ಕೊನೆಯ ವರ್ಷ ರಕ್ಷಾಳ ಮನೆಯವರಿಗೂ ಗೊತ್ತಾಯಿತು. ಫೋನು ಕಿತ್ತುಕೊಂಡು, ಕೋಣೆಯಲ್ಲಿ ಕೂಡಿಹಾಕಿ, ಹಿಂದೂಪುರದ ಕಡೆಯವನೊಬ್ಬನಿಗೆ ಕಟ್ಟಿ ಕಳಿಸಿದರು. ಭವ್ಯ ಬಹಳ ಕಾಲ ಅತ್ತಳು, ಬದುಕೇ ಬೇಡ ಅಂದುಕೊಂಡಳು. ಆಮೇಲೆ, ತನಗೇ ಆಶ್ಚರ್ಯವಾಗುವಂತೆ, ನೋಡಲು ಬಂದ ಗಂಡು ಪ್ರಸನ್ನ ಕುಮಾರ್ ಮನಸ್ಸಿಗೆ ಹಿಡಿಸಿಬಿಟ್ಟ. ಒತ್ತಾಯಕ್ಕಲ್ಲ, ನಿಜವಾಗಿ ಹಿಡಿಸಿದ. ಅವನ ಫೋನು ಬರುವ ಹೊತ್ತಿಗೆ ಅವಳು ಹಿತ್ತಿಲಿಗೆ ಓಡುತ್ತಿದ್ದಳು.

ಮುಚ್ಚಿಟ್ಟುಕೊಂಡು ಮದುವೆಯಾಗುವುದು ಬೇಡ ಎಂದು ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಅವನೆದುರು ಕೂತು ರಕ್ಷಾಳ ವಿಷಯ ಹೇಳಿದಳು. ಅವನು ಕೇಳಿಸಿಕೊಂಡ, ಕಾಫಿ ಕುಡಿದ, "ಇರ್ಲಿ ಬುಡು" ಅಂದ, ಮನೆಗೆ ಹೋಗಿ ತಾಯಿ ಸರ್ವಮಂಗಳಾಗೆ ಒಪ್ಪಿಸಿದ. ಇಂಥ ಒಳ್ಳೆಯವರಿಂದ ದೇವರೇ ಕಾಪಾಡಬೇಕು.

ಸುದ್ದಿ ಮೊದಲು ಮುಟ್ಟಿದ್ದು ಹಿಟ್ಟಿನ ಮಿಲ್ಲು ನಡೆಸುತ್ತಿದ್ದ ಅಣ್ಣ ಪ್ರಭುದೇವನಿಗೆ. ಮಿಲ್ಲಿನ ಹಳೇ ಬೆಲ್ಟು ಕೈಲಿ ಹಿಡಿದೇ ಮನೆಗೆ ಬಂದ. ಬೆನ್ನು, ತೊಡೆ, ಅಡ್ಡ ಹಿಡಿದ ತೋಳು, ಎಲ್ಲೆಂದರಲ್ಲಿ ಬಾರಿಸಿದ. ರಾಗಿ ಹಿಟ್ಟು ಮೆತ್ತಿದ ಬೆಲ್ಟಿನ ಏಟು ಬಿದ್ದ ಕಡೆಯೆಲ್ಲ ಬೂದು ಬಣ್ಣದ ಪಟ್ಟೆ ಏಳುತ್ತಿತ್ತು, ಅದರ ಮೇಲೆ ರಕ್ತ ಒಸರುತ್ತಿತ್ತು. "ಯಾವ್ದೇ ನಿಜ? ಅವ್ಳಾ, ಇವ್ನಾ?" ಎಂದು ಒಂದೊಂದು ಏಟಿಗೂ ಕೇಳಿದ. ಎರಡೂ ನಿಜ ಎಂದಾಗಲೆಲ್ಲ ಏಟು ಜೋರಾಯಿತು.

ಸರ್ವಮಂಗಳಾ ಅಷ್ಟರಲ್ಲಿ ದಾರಿಯೊಂದನ್ನು ಹುಡುಕಿದ್ದರು. ಆ ಹುಡುಗಿಯ ವಿಷಯ ಬರೀ ಸುಳ್ಳು ಎಂದು ಭವ್ಯ ಕರ್ಪೂರ ಆರಿಸಿ ಆಣೆ ಮಾಡಿದರೆ ಮದುವೆ ನಡೆಯುತ್ತದೆ, ಯಾರೂ ಏನೂ ಕೇಳುವುದಿಲ್ಲ. ಗುಡಿಗೆ ಹೊರಡುವ ಮುಂಚೆ ರೇಣುಕಯ್ಯ ಮಗಳ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸುಳ್ಳು ಅಂದ್ಬುಡಮ್ಮ. ಕೈ ಹೆಂಗಿಡ್ಬೇಕು ಅಂತ ನಿಂಗೊತ್ತಲ್ಲ, ಸುಡಲ್ಲ."

ಬೆಲ್ಟಿನ ಏಟಿಗಿಂತ ಆ ಮಾತು ಅವಳನ್ನು ಹೆಚ್ಚು ನೋಯಿಸಿತು. ಊರಿಗೆಲ್ಲ ಆಣೆ ಹಾಕಿಸುವ ಅಪ್ಪ, ಮಗಳಿಗೆ ಸುಳ್ಳಾಣೆ ಹೇಳಿಕೊಡುತ್ತಿದ್ದರು. ಒಂದು ಸುಳ್ಳಿಗೆ ಪ್ರಸನ್ನ ಕುಮಾರ್ ಸಿಗುತ್ತಿದ್ದ, ಅವನು ಬೇಕೂ ಆಗಿದ್ದ. ಚಪ್ಪಡಿಯ ಮುಂದೆ ಕೂತಾಗ ಅವನು ಗುಂಪಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದು ಕಾಣುತ್ತಿತ್ತು.

ರೇಣುಕಯ್ಯ ಹಚ್ಚಿದರು. "ರಕ್ಷಾನ ನಾನು ಪ್ರೀತಿಸಿದ್ದು ನಿಜ" ಎಂದು ಭವ್ಯ ಅಂಗೈ ಒತ್ತಿದಳು. ಉರಿ ಸತ್ತಿತು. ಗುಂಪು ಗುಸುಗುಡುವ ಮೊದಲೇ, "ಇನ್ನೊಂದು ಹಚ್ಚಿ ಅಪ್ಪಾಜಿ" ಎಂದಳು. ಅವರು ಹಚ್ಚಿದರು. "ಪ್ರಸನ್ನ ಕುಮಾರ್‌ನ ಪ್ರೀತಿಸ್ತಿರೋದೂ ನಿಜ." ಅದನ್ನೂ ಆರಿಸಿದಳು.

ಊರಿನ ಕಟ್ಟಳೆಯ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸರ್ವಮಂಗಳಾ, "ಎರಡೂ ನಿಜ ಹೆಂಗಾಯ್ತದೆ? ಒಂದು ಸುಳ್ಳಾಗ್ಲೇಬೇಕು" ಅಂದರು. ಊರಿಗೆ ಊರೇ ಹೌದು ಹೌದು ಅಂದಿತು. ಪ್ರಭುದೇವ ಅಪ್ಪನ ಕೈಲಿದ್ದ ಪೊಟ್ಟಣ ಕಿತ್ತು ಚಪ್ಪಡಿ ಮೇಲೆ ಸುರಿದು, ಬೆಂಕಿ ಇಟ್ಟು, ತಂಗಿಯ ಮಣಿಕಟ್ಟು ಹಿಡಿದು, ಬೆರಳು ಬಾಗಿಸಿ ಆ ಉರಿಯ ಮೇಲೆ ಅದುಮಿದ. ಮಂಡಿಯನ್ನು ಅವಳ ಬೆನ್ನಿಗೆ ಊರಿಕೊಂಡ. ಕರ್ಪೂರದ ವಾಸನೆ ಹೋಗಿ ಮಾಂಸದ ವಾಸನೆ ಬಂತು. ಅವಳು ಕಿರುಚಿದ್ದು ಅಪ್ಪಾಜಿ ಎಂದೇ. ರೇಣುಕಯ್ಯ ಎರಡು ಮಾರು ದೂರದಲ್ಲಿ ನಿಂತಿದ್ದರು, ಬೆಂಕಿಪೊಟ್ಟಣ ಕೈಯಲ್ಲೇ ಇತ್ತು. ಆಣೆ ಆಗಿಹೋಯಿತು, ಬಿಡೋ ಎಂದು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ಗುಡಿ ಗುಡಿಸುವ ದಾಸಮ್ಮ ಕೈಗೆ ಸೆರಗು ಸುತ್ತಿ ಮಧುಗಿರಿ ಆಸ್ಪತ್ರೆಗೆ ಕರೆದೊಯ್ದಳು. ಭವ್ಯ ಮತ್ತೆ ಪುರವರಕ್ಕೆ ಹೋಗಲಿಲ್ಲ.

ತುಮಕೂರಿನಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು, ಇಂಥವರಿಗಾಗಿಯೇ ಒಂದು ಸಂಘ ಇದೆ ಎಂದು ತಿಳಿದು ಹೋದಳು. ಅನ್ನ, ಕೆಲಸ, ಮಲಗಲು ಜಾಗ ಎಲ್ಲ ಕೊಟ್ಟರು. ಮೊದಲ ಸಭೆಗೆ ಮುನ್ನ ಅಲ್ಲಿನ ಮುಖಂಡ ನಾಗಭೂಷಣ್ ಕಿವಿಯಲ್ಲಿ ಹೇಳಿದ: "ರಕ್ಷಾ ಕಥೆ ಹೇಳು. ಆ ಗಂಡಿನ ವಿಷಯ ಬಿಟ್ಟುಬಿಡು, ಜನಕ್ಕೆ ಗೊಂದಲ ಆಗುತ್ತೆ." ಭವ್ಯಳಿಗೆ ನಗು ಬಂತು, ಸಿಟ್ಟೂ ಬಂತು. ಇಲ್ಲಿಯೂ ಒಂದು ಸುಳ್ಳಾಗಲೇಬೇಕಂತೆ. ವೇದಿಕೆ ಹತ್ತಿ ಎರಡನ್ನೂ ಹೇಳಿದಳು. ನನ್ನಂಥವರಿಗೆ ಬೈಸೆಕ್ಷುಯಲ್ ಅಂತಾರೆ, ನಾವು ಅತ್ತಲೂ ಇತ್ತಲೂ ಸುಳ್ಳು ಹೇಳುವವರಲ್ಲ ಎಂದಳು. ನಾಗಭೂಷಣ್ ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ಎಲ್ಲೆಲ್ಲಿಂದಲೋ ಫೋನುಗಳು ಬರತೊಡಗಿದಾಗ ಅವನೇ ಕಾರ್ಯಕ್ರಮಗಳನ್ನು ಗೊತ್ತುಮಾಡತೊಡಗಿದ.

ಹಾಗೆ ಶುರುವಾದ ಕೆಲಸದಲ್ಲಿ ಹೂಮಾಲೆಗಿಂತ ಕಲ್ಲು ಹೆಚ್ಚು. ಕೊರಟಗೆರೆಯಲ್ಲಿ ಸಭೆ ಮುಗಿಸಿ ಬರುವಾಗ ಬೈಕಿನವನು ತಲೆಗೂದಲು ಹಿಡಿದು ರಸ್ತೆಯಲ್ಲಿ ಎಳೆದ. ಸಿರಾದಲ್ಲಿ ಕಲ್ಲು ಬಾಯಿಗೇ ಬಿತ್ತು. ಮುರಿದ ಹಲ್ಲನ್ನು ಕರ್ಚೀಫಿಗೆ ಉಗಿದು ಮಾತು ಮುಂದುವರಿಸಿದಳು, ರವಿಕೆಯ ಮೇಲೆ ರಕ್ತ ಸುರಿಯುತ್ತಿದ್ದರೂ ಜನ ಏಳಲಿಲ್ಲ. ಪಾವಗಡದಲ್ಲಿ ಒಬ್ಬ ತೆಲುಗಿನಲ್ಲಿ, "ಏಮ್ಮಾ, ನೀಕು ಇದ್ದರು ಕಾವಾಲಾ?" ಎಂದು, ನಿನಗೆ ಇಬ್ಬಿಬ್ಬರು ಬೇಕೇನಮ್ಮಾ ಎಂದು ಕೆಣಕಿದ. "ಒಕ್ಕರೇ ಚಾಲು. ಆ ಒಕ್ಕರು ಎವರೈನಾ ಕಾವಚ್ಚು" ಎಂದಳು ಇವಳು, ಒಬ್ಬರೇ ಸಾಕು, ಆ ಒಬ್ಬರು ಯಾರಾದರೂ ಆಗಬಹುದು ಎಂದು. ಕೆಣಕಿದವನೂ ನಕ್ಕ.

ಮಧುಗಿರಿಯಲ್ಲಿ ಮಾತ್ರ ಅವಳು ಮಾತಾಡಿರಲಿಲ್ಲ. ಕರೆ ಬಂದಾಗಲೆಲ್ಲ ನೆಪ ಹೇಳುತ್ತಿದ್ದಳು. ಹೋದ ವರ್ಷ ಒಂದು ಮಹಿಳಾ ಸಂಘದವರು ಬೆಟ್ಟದ ಬುಡದ ಸಮುದಾಯ ಭವನದಲ್ಲಿ ಸಭೆ ಇಟ್ಟು ಕರೆದಾಗ ಒಪ್ಪಿಕೊಂಡಳು.

ಮಾತು ಅರ್ಧಕ್ಕೆ ಬಂದಿತ್ತು. ಬಾಗಿಲು ಒದ್ದುಕೊಂಡು ಪ್ರಭುದೇವ ನುಗ್ಗಿದ, ಹಿಂದೆ ಹತ್ತಾರು ಜನ. ಕುರ್ಚಿಗಳು ಗೋಡೆಗೆ ಬಡಿದು ಮುರಿದವು. ತಡೆಯಲು ಹೋದ ನಾಗಭೂಷಣನನ್ನು ಕೆಡವಿ ಪಕ್ಕೆಗೆ ಒದ್ದರು. ಪ್ರಭುದೇವ ಯಾರನ್ನೋ ತೋಳು ಹಿಡಿದು ಮುಂದಕ್ಕೆ ತಂದ. ಬಿಳಿ ಗಡ್ಡ, ಬಾಗಿದ ಬೆನ್ನು. ಅಪ್ಪ ಎಂದು ಗುರುತಿಸಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ನಮ್ಮಪ್ಪಾಜಿನೇ ಹೇಳ್ತಾರೆ ಇವ್ಳ ಬಣ್ಣ ಏನು ಅಂತ," ಎಂದು ಪ್ರಭುದೇವ ಕರ್ಪೂರದ ಪೊಟ್ಟಣವನ್ನು ಮೇಜಿನ ಮೇಲೆ ಎಸೆದ. "ಎಲ್ರ ಮುಂದೆ ಇನ್ನೊಂದ್ಸಲ ಆಣೆ ಮಾಡೇ."

ರೇಣುಕಯ್ಯ ವೇದಿಕೆ ಹತ್ತಿದರು. ಮಗಳ ಮುಖ ನೋಡಲಿಲ್ಲ. ಹೂವಿನ ಸ್ಟೀಲ್ ತಟ್ಟೆ ಖಾಲಿ ಮಾಡಿ, ಪೊಟ್ಟಣವನ್ನೆಲ್ಲ ಸುರಿದು ಕಡ್ಡಿ ಗೀರಿದರು. ಆಮೇಲೆ ಜನರ ಕಡೆ ತಿರುಗಿ, "ಆಣೆ ಅವತ್ತೇ ಆಗೋಯ್ತು. ನನ್ ಮಗಳು ಹೇಳಿದ್ದು ಎರಡೂ ನಿಜ. ಕಟ್ಟಳೆ ಮುರಿದೋನು ನಾನು" ಎಂದು ಕೈಯನ್ನು ಉರಿಗೆ ಇಟ್ಟರು.

ಉರಿ ಆರಲಿಲ್ಲ. ಭವ್ಯ ನೋಡಿದಳು. ಆ ಕೈ ಬಾಗಿತ್ತು. ಹೇಗಿಟ್ಟರೆ ಸುಡುವುದಿಲ್ಲ ಎಂದು ಊರಿಗಿಂತ ಚೆನ್ನಾಗಿ ಬಲ್ಲವರು, ಗಾಳಿಯಾಡಲೆಂದೇ ಬೆರಳು ಬಾಗಿಸಿ ಹಿಡಿದಿದ್ದರು. ಬೆರಳ ಸಂದಿನಿಂದ ಜ್ವಾಲೆ ಮೇಲೆದ್ದಿತು. ಪ್ರಭುದೇವ, "ಅಪ್ಪಾಜಿ, ಬುಡಿ, ಕೈ ತೆಗೀರಿ" ಎನ್ನುತ್ತಾ ವೇದಿಕೆಗೆ ಓಡಿ ಬಂದವನು ಅವರ ಕಣ್ಣು ನೋಡಿ ಮೆಟ್ಟಿಲಲ್ಲೇ ನಿಂತ. ಮತ್ತೆ ಆ ಮಾಂಸದ ವಾಸನೆ.

ಸುಡಲಿ ಅಂತಲೇ ಅವಳಿಗೆ ಅನ್ನಿಸಿತು. ಮುಚ್ಚಿಡುವುದೇಕೆ, ಸುಡಲಿ, ನನ್ನಷ್ಟೇ ಸುಡಲಿ ಅನ್ನಿಸಿತು. ಅಪ್ಪ ಕಚ್ಚಿಕೊಂಡ ತುಟಿಯಲ್ಲಿ ರಕ್ತ ಬಂದಿದ್ದನ್ನೂ ನೋಡುತ್ತಾ ನಿಂತಳು. ಆಮೇಲೆ ತನ್ನ ಸೊಟ್ಟ ಬಲಗೈಯನ್ನು ಅವರ ಕೈಯ ಮೇಲಿಟ್ಟು, ಚಪ್ಪಟೆಯಾಗುವಂತೆ ಬಲವಾಗಿ ಒತ್ತಿದಳು. ಉರಿ ಸತ್ತಿತು.

"ಅವತ್ತು ಮಾಡ್ಬೇಕಾಗಿತ್ತು ಅಪ್ಪಾಜಿ, ಇದು" ಎಂದಳು.

"ಹೂಂ ಕಣಮ್ಮ" ಎಂದರು ರೇಣುಕಯ್ಯ. ಪ್ರಭುದೇವನ ಹಿಂದೆ ಬಂದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು.

ಭವ್ಯ ಎಡಗೈಗೆ ಮೈಕು ತೆಗೆದುಕೊಂಡು, ಬಿಟ್ಟಲ್ಲಿಂದ ಮಾತು ಶುರುಮಾಡಿದಳು. ರೇಣುಕಯ್ಯ ಕೆಳಗಿಳಿದು, ಮುರಿಯದೆ ಉಳಿದಿದ್ದ ಒಂದು ಕುರ್ಚಿ ಎಳೆದುಕೊಂಡು, ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಗಳ ಭಾಷಣ ಕೇಳಲು ಕೂತರು.