ಕ್ಯಾಮೆರಾದ ಹಣೆ

ಯಾದಗಿರಿಯಲ್ಲಿ ಮದುವೆ ಫೋಟೊ ತೆಗೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಹೆಣ್ಣುಮಗಳು ಕಸ್ತೂರಿ ಒಬ್ಬಳೇ. ಮದುಮಗಳ ಸೆರಗು ಸರಿಪಡಿಸಿ, ಗದ್ದ ಹಿಡಿದು ಮುಖ ತಿರುಗಿಸಲು ಅವಳಿಗೆ ಯಾರನ್ನೂ ಕೇಳಬೇಕಿಲ್ಲ. ಅದಕ್ಕೇ ಹಳ್ಳಿಗಳಿಂದ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಕ್ಯಾಮೆರಾದ ಲೆನ್ಸನ್ನು ಅವಳು ತವರಿನ ಚಿನ್ನದ ಬಳೆ ಮಾರಿ ಕೊಂಡಿದ್ದಳು. ಇನ್ನೊಂದು ಕೊಳ್ಳಲು ಬಳೆ ಉಳಿದಿಲ್ಲ.

ಮುದನಾಳದ ಪರಿಮಳಾಗೆ ಭೀಮಾ ನದಿಯ ದಂಡೆಯಲ್ಲಿ, ಮುಳುಗುವ ಸೂರ್ಯನ ಮುಂದೆ, ಮದುವೆಯಾಗುವ ಹುಡುಗನ ಜೊತೆ ಒಂದು ಫೋಟೊ ಬೇಕಿತ್ತು. ಕಸ್ತೂರಿ ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಹಿಡಿದದ್ದು ಅದೇ ಮೊದಲು. ತೆಗೆದ ಚಿತ್ರಗಳಲ್ಲೆಲ್ಲ ಬಿಳಿ ಮಸುಕು. ಹುಡುಗಿಯ ಕೆನ್ನೆಯ ಮೇಲೆ ಒಂದು ಹಸಿರು ಚುಕ್ಕೆ.

“ಹಾಲಾಗ ಅದ್ದಿ ತೆಗದಂಗ ಕಾಣಾಕತ್ತೀವಲ್ಲಕ್ಕಾ,” ಎಂದಳು ಪರಿಮಳಾ.

ನಾಳೆ ಮತ್ತೆ ಬರೋಣವೆಂದಳು ಕಸ್ತೂರಿ. ನಾಡಿದ್ದು ಅರಿಶಿಣ, ಅದನ್ನು ಹಚ್ಚಿದ ಮೇಲೆ ಮದುಮಗಳು ಹೊಸ್ತಿಲು ದಾಟುವಂತಿಲ್ಲ.

ಕಲಬುರಗಿಯ ರಿಪೇರಿಯವನು ಫೋನಿನಲ್ಲಿ, ಲೆನ್ಸಿನ ಒಳಗೆ ಬೂಷ್ಟು ಹಿಡಿದಿರಬೇಕು, ಬಿಚ್ಚಿದರೂ ಉಳಿಯುವುದು ಅನುಮಾನ ಎಂದ. ಬೆಳಗ್ಗೆ ಕಸ್ತೂರಿ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು. ಅತ್ತೆ ಪಾರ್ವತೆಮ್ಮ ಬಂದು ಕಾರಣ ಕೇಳಿದರು. ಕಸ್ತೂರಿ ಹೇಳಿದಳು. ಅದಕ್ಕೆ ಅತ್ತೆ, ಅಮಾವಾಸ್ಯೆಗೊಮ್ಮೆ ಹೊಲಿಗೆ ಮಷೀನಿಗೆ ವಿಭೂತಿ ಹಚ್ಚುವಾಗ ಕ್ಯಾಮೆರಾಕ್ಕೂ ಹಚ್ಚುತ್ತಿದ್ದೆ ಎಂದರು.

“ಎಲ್ಲಿ ಹಚ್ಚೀರಿ, ಅತ್ತಿ?”

“ಹಣಿಗಿ.”

“ಅದಕ್ಕ ಹಣಿ ಎಲ್ಲದರಿ?”

ಪಾರ್ವತೆಮ್ಮ ಮುಂದಿನ ಗಾಜನ್ನು ತೋರಿಸಿದರು. “ಮುಖ ಇರೋದ ಇಷ್ಟು. ಮತ್ತೆಲ್ಲಿ ಹಚ್ಚಲಿ? ಸೆರಗಿಲೆ ಒರಸೀನಿ ಬಿಡವ್ವ, ನಿನಗ ಗೊತ್ತಾಗಬಾರದಂತ.”

ಕಸ್ತೂರಿ ಗಾಜನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಮೂರು ಬೆರಳಿನ ತೆಳ್ಳನೆಯ ಗೆರೆಗಳು, ಅವುಗಳ ಮೇಲೆ ಸೆರಗಿನ ಉಜ್ಜು. ಮದುವೆ ಮಂಟಪದ ದೀಪಗಳಲ್ಲಿ ಅವು ಎಂದೂ ಕಂಡಿರಲಿಲ್ಲ. ಆ ಗಾಜು ಲೆನ್ಸಿನದಲ್ಲ, ಧೂಳು ತಾಗದಿರಲೆಂದು ಅದರ ಮುಂದೆ ತಿರುಗಿಸಿ ಕೂರಿಸಿದ್ದು. ಬಿಚ್ಚಿ ತೆಗೆದಳು. ಒಳಗೆ ಮೊಬೈಲಿನ ಬೆಳಕು ಹಾಯಿಸಿದರೆ ಬೂಷ್ಟು ಕಾಣಲಿಲ್ಲ. ಆದರೂ ಸೂರ್ಯನ ಮುಂದೆ ಹಿಡಿಯುವ ತನಕ ನಂಬುವಂತಿರಲಿಲ್ಲ.

ಸಂಜೆ ಪಾರ್ವತೆಮ್ಮ ತಾವೂ ಬರುವುದಾಗಿ ಆಟೊ ಹತ್ತಿದರು. ದಂಡೆಯಲ್ಲಿ ದೂರ ಕುಳಿತು ಕಣ್ಣು ಮುಚ್ಚಿಕೊಂಡರು. ಬಿಸಿಲು ಮೆತ್ತಗಾಗುವವರೆಗೆ ಕಸ್ತೂರಿ ಕಾದಳು. ಜೋಡಿಯನ್ನು ತುಸು ಸರಿಸಿ, ಸೂರ್ಯ ಅವರ ಭುಜಗಳ ಹಿಂದೆ ಮರೆಯಾಗುವಂತೆ ನಿಲ್ಲಿಸಿದಳು. ಲೆನ್ಸಿನ ಮೇಲೆ ಎಡಗೈಯನ್ನು ಸೂರಿನಂತೆ ಹಿಡಿದು ಕ್ಲಿಕ್ಕಿಸಿದಳು.

ಪರದೆಯಲ್ಲಿ ನೀರು ಕೆಂಪಾಗಿತ್ತು. ಪರಿಮಳಾಳ ಹಾರುವ ಕೂದಲನ್ನು ಒಂದೊಂದಾಗಿ ಬಿಡಿಸಿ ನೋಡಬಹುದಿತ್ತು. ಮಸುಕಿಲ್ಲ, ಚುಕ್ಕೆಯಿಲ್ಲ.

ಕಸ್ತೂರಿ ಕ್ಯಾಮೆರಾವನ್ನು ಅತ್ತೆಯ ಬಳಿ ಒಯ್ದಳು. ಪಾರ್ವತೆಮ್ಮ ಎರಡೂ ಕೈ ಸೆರಗಿನಡಿ ಸೇರಿಸಿಕೊಂಡರು.

“ಹಿಡೀರಿ ಅತ್ತಿ. ಏನೂ ಆಗಿಲ್ಲ ಅದಕ್ಕ.”

ಅವರು ನಿಧಾನವಾಗಿ ಕೈ ಹೊರಗೆ ತೆಗೆದು, ಕೂಸನ್ನು ಇಸಿದುಕೊಳ್ಳುವಂತೆ ತಳದಲ್ಲಿ ಹಿಡಿದು ಚಿತ್ರ ನೋಡಿದರು. ಅರ್ಧ ಸೂರ್ಯ ಇನ್ನೂ ನೀರಿನ ಮೇಲಿದ್ದ. ಪರಿಮಳಾ ಕೂಗಿ ಕರೆದಳು. ಕಸ್ತೂರಿ ಕ್ಯಾಮೆರಾ ತೆಗೆದುಕೊಂಡು ಓಡಿದಳು.