ಬಾಯ್ಲರಿನ ಬೆವರು

ಆಗ ನನಗೆ ಅರವತ್ತಾರು; ಮೂರು ವರ್ಷದ ಹಿಂದಿನ ಮಾತು. ಲಂಡನ್ನಿನ ಹ್ಯಾರೋದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಬೇಳೆ ಡಬ್ಬಿಗಳ ಪಕ್ಕದ ಕಪಾಟು ತೆಗೆದರೆ ಒಂದು ಬಿಳಿ ಪೆಟ್ಟಿಗೆ ಗೋಡೆ ಹಿಡಿದು ನಿಂತಿರುತ್ತದೆ. ಅದು ಬಾಯ್ಲರು. ಗ್ಯಾಸು ಉರಿಸಿ ನೀರು ಕಾಯಿಸುವುದು, ಕಾದ ನೀರನ್ನು ಕೋಣೆಕೋಣೆಯ ರೇಡಿಯೇಟರಿನೊಳಗೆ ತಿರುಗಿಸಿ ಮನೆ ಬೆಚ್ಚಗಿಡುವುದು, ಬಚ್ಚಲಿನ ನಲ್ಲಿಗೆ ಬಿಸಿನೀರು ಕಳಿಸುವುದು, ಇಷ್ಟೂ ಅದರ ಪಾಲಿನ ಕೆಲಸ. ಉರಿ ಕಾಣುವುದಿಲ್ಲ, ಹೊಗೆ ಕಾಣುವುದಿಲ್ಲ, ಬೂದಿ ಬಳಿಯುವ ಗೋಜಿಲ್ಲ. ನಾನು ವಿಜಯಪುರದ ಕಡೆಯ ಹೆಣ್ಣು; ಬಚ್ಚಲ ಒಲೆಗೆ ತೊಗರಿಕಟ್ಟಿಗೆ ಒಡ್ಡಿ, ತಾಮ್ರದ ಹಂಡೆಯ ಕೆಳಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಬೆಳೆದವಳು. ಈ ಪೆಟ್ಟಿಗೆಯನ್ನು ಮೊದಲ ದಿನ ಕಂಡಾಗ ಕೈಮುಗಿಯಲಿಲ್ಲ ಅನ್ನುವುದೊಂದು ಬಿಟ್ಟರೆ ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಸಲ್ಲಿಸಿದೆ.

ನಾನು ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷಿನ ಅಕ್ಷರ ಕಲಿತದ್ದು ಇಲ್ಲಿಯ ಬಸ್ಸುಗಳ ಹಣೆ ನೋಡಿ. ನಮ್ಮ ಮನೆಯವರು ಇಪ್ಪತ್ತು ವರ್ಷ ಆ ಬಸ್ಸುಗಳನ್ನೇ ಓಡಿಸಿದವರು. ಹೀಗಾಗಿ ನನ್ನ ಬರಹದಲ್ಲಿ ಅಲ್ಲಲ್ಲಿ ಕಲ್ಲು ಸಿಕ್ಕೀತು. ಅಕ್ಕಿಯಲ್ಲಿ ಸಿಗುವುದಿಲ್ಲವೇ, ಹಾಗೆ ಆರಿಸಿ ಬದಿಗಿಟ್ಟು ಮುಂದೆ ಓದಿ.

ಆ ಚಳಿಗಾಲದಲ್ಲಿ ನನ್ನ ಮಗಳು ಕಸ್ತೂರಿ ತುಂಬಿದ ಬಸುರಿ. ಅವಳದು ಚೊಚ್ಚಲು. ಚೊಚ್ಚಲ ಬಾಣಂತನ ತವರಿನದು. ಲಂಡನ್ನಿಗೆ ಬಂದೆವೆಂದು ಆ ಹಕ್ಕನ್ನು ನಾನು ವಿಮಾನನಿಲ್ದಾಣದಲ್ಲಿ ಬಿಟ್ಟು ಬಂದಿರಲಿಲ್ಲ. ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿದ್ದೆ, ಹಳೆಯ ಮೆತ್ತನೆಯ ಸೀರೆ ಹರಿದು ಕೂಸಿನ ಬಟ್ಟೆ ಮಡಿಸಿಟ್ಟಿದ್ದೆ, ಮೇಲಿನ ಕೋಣೆಗೆ ದಪ್ಪ ಪರದೆ ಹಾಕಿಸಿದ್ದೆ. ಆದರೆ ಮಗಳ ಅತ್ತೆ ಸುಲೋಚನಮ್ಮನವರ ಮನೆ ಸ್ಟ್ಯಾನ್ಮೋರಿನಲ್ಲಿದೆ. ದೊಡ್ಡ ಮನೆ, ಅಲ್ಲಿ ನೆಲವೇ ಬೆಚ್ಚಗಿರುತ್ತದೆ, ಬರಿಗಾಲಲ್ಲಿ ನಿಂತರೆ ಅಂಗಾಲಿಗೆ ಯಾರೋ ಎಣ್ಣೆ ತಿಕ್ಕಿದ ಹಾಗೆ. ಅವರು ಬೆಂಗಳೂರಿನವರು, ಇಲ್ಲಿ ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಯಾವ ಮಾತನ್ನೂ ಏರುದನಿಯಲ್ಲಿ ಆಡದೆ ಗೆದ್ದುಕೊಂಡು ಹೋಗುವ ಜಾತಿಯ ಹೆಂಗಸು. "ನಿಮ್ಮನೇಲೇ ಇರ್ಲಿ, ಬೇಡ ಅಂದೋರ್ಯಾರು? ಮನೆ ಬೆಚ್ಚಗಿದ್ರೆ ಸರಿ" ಎಂದಿದ್ದರು. ಆ 'ಬೆಚ್ಚಗಿದ್ರೆ' ಎಂಬುದು ನನ್ನ ಕಿವಿಯಲ್ಲಿ ಸೂಜಿಯಂತೆ ನಿಂತುಬಿಟ್ಟಿತ್ತು.

ಬಾಯ್ಲರು ಕೈಕೊಡಲು ಶುರುಮಾಡಿದ್ದು ಸರಿಯಾಗಿ ಆಗಲೇ. ಜನವರಿಯ ಹಿಮ ಗಟ್ಟಿಯಾಗಿ ಬಿದ್ದ ವಾರ. ಬೆಳಿಗ್ಗೆ ಎದ್ದರೆ ಪೆಟ್ಟಿಗೆಯೊಳಗಿಂದ ಗೊಳಗೊಳ ಎಂಬ ಸದ್ದು, ಉಪವಾಸದ ಹೊಟ್ಟೆಯ ಹಾಗೆ. ಆಮೇಲೆ ಟಕ್ ಎಂದು ಆರಿಹೋಗಿ, ಕಿರುಕಿಟಕಿಯಲ್ಲಿ ಒಂದು ಅಕ್ಷರವೂ ಎರಡು ಅಂಕಿಯೂ ಕೆಂಪಗೆ ಮಿಣುಕುವುದು. ನಮ್ಮವರು ಪುಸ್ತಕ ತೆಗೆದು ಆ ಅಂಕಿಯ ಅರ್ಥ ಹುಡುಕಿದರೆ, 'ಉರಿ ಹೊತ್ತಲಿಲ್ಲ' ಎಂದು ಬರೆದಿತ್ತಂತೆ. ಅದು ನನಗೂ ಕಾಣುತ್ತಿತ್ತು. ಉರಿ ಯಾಕೆ ಹೊತ್ತಲಿಲ್ಲ ಎನ್ನುವುದನ್ನು ಪುಸ್ತಕ ಬರೆದವನು ನಮಗೇ ಬಿಟ್ಟಿದ್ದ.

ಒಂದೊಂದಾಗಿ ಎಲ್ಲ ಪರೀಕ್ಷೆ ಆಯಿತು. ಒತ್ತಡದ ಮುಳ್ಳು ಕೆಳಗಿದೆಯೆಂದು ನಮ್ಮವರು ನೀರು ತುಂಬಿಸಿದರು. ರೇಡಿಯೇಟರಿನೊಳಗೆ ಗಾಳಿ ಸೇರಿದೆಯೆಂದು ಪುಟ್ಟ ಕೀಲಿ ಹಿಡಿದು ಮನೆಯೆಲ್ಲ ಓಡಾಡಿ ಬುಸ್ಸೆನ್ನಿಸಿದರು. ಒಂದು ಕಪ್ಪು ನೀರಿನ ಚಿಮ್ಮು ನನ್ನ ಹೊಸ ಪರದೆಯ ಮೇಲೆ ಬಿತ್ತು. ಗೋಡೆಯ ಥರ್ಮೋಸ್ಟಾಟಿನ ಸೆಲ್ಲು ಬದಲಿಸಿದರು. ಯಂತ್ರಗಳ ಮುಂದೆ ಗಂಡಸರು ನಿಲ್ಲುವ ಭಂಗಿಯೊಂದಿದೆ, ಸೊಂಟಕ್ಕೆ ಕೈಕೊಟ್ಟು, ತುಟಿ ಮುಂದೆ ಮಾಡಿ, ಯಂತ್ರ ತಾನಾಗಿ ನಾಚಿಕೊಂಡು ತಪ್ಪೊಪ್ಪಲಿ ಎಂದು ಕಾಯುವ ಭಂಗಿ. ಅದನ್ನೂ ಮಾಡಿ ನೋಡಿದರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗುಂಡಿ ಒತ್ತಿದರೆ, ಏನೂ ಆಗೇ ಇಲ್ಲವೆಂಬಂತೆ ಹೊತ್ತಿಕೊಂಡಿತು.

ರಿಪೇರಿಯ ಟೋನಿ ಎರಡು ಸಲ ಬಂದ. ನನ್ನ ಓರಗೆಯವನೇ, ಸಭ್ಯ ಮನುಷ್ಯ, ಬೂಟು ಬಿಚ್ಚಿಟ್ಟು ಒಳಗೆ ಬರುವವನು. ಎರಡು ಸಲವೂ ಅವನು ಬಂದದ್ದು ಮಧ್ಯಾಹ್ನದ ಮೇಲೆ. ಎರಡು ಸಲವೂ ಬಾಯ್ಲರು ಶಾಲೆಗೆ ಇನ್ಸ್‌ಪೆಕ್ಟರು ಬಂದಾಗಿನ ಹುಡುಗರಂತೆ ಕೈಕಟ್ಟಿ ನೆಟ್ಟಗೆ ನಿಂತು, ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟಿತು. ಹೊರಗಿನ ಪೈಪು ಸರಿ ಇದೆಯಾ ಎಂದು ಅವನು ಕೇಳಿದ್ದಕ್ಕೆ ನಮ್ಮವರು ಇದೆಯೆಂದು ತಲೆಯಾಡಿಸಿದರು. ಟೋನಿ ನನ್ನ ಕೈಯ ಚಹಾ ಕುಡಿದು, ಮತ್ತೆ ಕೆಟ್ಟರೆ ಕೂಡಲೇ ಫೋನು ಮಾಡಿ ಎಂದು ಹೇಳಿ ಹೋದ. ಮಾರನೆಯ ಬೆಳಿಗ್ಗೆ ಮತ್ತೆ ಗೊಳಗೊಳ.

ನಿಮಗೂ ಇದು ಅನುಭವವಾಗಿರಬೇಕು. ಪೂರ್ತಿ ಕೆಟ್ಟ ವಸ್ತುವಿನ ಜೊತೆ ಬದುಕುವುದು ಸುಲಭ. ಅದನ್ನು ಎತ್ತಿ ಹೊರಗಿಟ್ಟರಾಯಿತು. ಒಮ್ಮೆ ನಡೆದು ಒಮ್ಮೆ ನಿಲ್ಲುವ ವಸ್ತುವೇ ಮನುಷ್ಯನನ್ನು ಹಣ್ಣು ಮಾಡುವುದು. ಅದು ಆಸೆ ಹುಟ್ಟಿಸುತ್ತದೆ. ನಡೆದಾಗ, ನಮ್ಮ ಬೈಗುಳಕ್ಕೆ ಹೆದರಿ ನಡೆಯಿತು ಅನ್ನಿಸುತ್ತದೆ. ನಿಂತಾಗ, ನಮ್ಮ ಮೇಲಿನ ಹಗೆಗೆ ನಿಂತಿತು ಅನ್ನಿಸುತ್ತದೆ. ಜೀವವಿಲ್ಲದ ತಗಡಿಗೆ ನಾವು ಮನಸ್ಸು, ಮುನಿಸು, ಜಂಬ ಎಲ್ಲವನ್ನೂ ಕೊಟ್ಟು, ಅದರ ಬುದ್ಧಿ ಹೀಗೇ ಎಂದು ತೀರ್ಪು ಕೊಟ್ಟು ಕೂರುತ್ತೇವೆ. ನಾವೇನು ಮಾಡಿದ್ದೇವೆ ಎಂದು ಮಾತ್ರ ಯೋಚಿಸುವುದಿಲ್ಲ. ನಾನಂತೂ ಯೋಚಿಸಲಿಲ್ಲ.

ಮಂಗಳವಾರ ಕಸ್ತೂರಿ ಹೆತ್ತಳು. ಹೆಣ್ಣುಕೂಸು, ತಲೆತುಂಬ ಕೂದಲು. ಗುರುವಾರ ಮಧ್ಯಾಹ್ನ ಆಸ್ಪತ್ರೆಯಿಂದ ಕಳಿಸುತ್ತಾರೆ ಎಂದಾಯಿತು. ಗುರುವಾರ ಬೆಳಿಗ್ಗೆ ಬಾಯ್ಲರು ಎಂದಿನಂತೆ ಆರಿತ್ತು. ಎಂಟು ಗಂಟೆಗೆ ಮಗಳ ಫೋನು. "ಅವ್ವಾ, ಐ ಆ್ಯಮ್ ಸೋ ಟೈರ್ಡ್. ಮನಿ ಬೆಚ್ಚಗದನೋ ಇಲ್ಲೋ, ಅಷ್ಟ ಹೇಳು. ಇಲ್ಲಂದ್ರ ನಾವು ಸ್ಟ್ಯಾನ್ಮೋರಿಗೇ ಹೋಗ್ತೀವಿ." ಹನ್ನೊಂದಕ್ಕೆ ಹೇಳ್ತೀನಿ ಎಂದು ಇಟ್ಟೆ. ಒಂಬತ್ತಕ್ಕೆ ಬೀಗತಿಯ ಕಾರು ಬಾಗಿಲಿಗೆ ಬಂದು ನಿಂತಿತು. ಒಳಗೆ ಬಂದವರು ಕೋಟು ಬಿಚ್ಚಲಿಲ್ಲ. ಬೇಕೆಂದೇ ಬಿಚ್ಚಲಿಲ್ಲವೋ, ನಿಜಕ್ಕೂ ಚಳಿಯಿತ್ತೋ ನಾ ಕಾಣೆ; ನನ್ನ ಬಾಯಿಂದ ಉಸಿರು ಹೊಗೆಯಾಗಿ ಹೊರಡುತ್ತಿದ್ದುದಂತೂ ಸುಳ್ಳಲ್ಲ.

ನಮ್ಮವರು ಟೋನಿಗೆ ಫೋನು ಹಚ್ಚಿ, ಅವನ ಇಂಗ್ಲಿಷು ಬೇಗಬೇಗ ಬರುತ್ತದೆಂದು ಬೀಗತಿಯ ಕೈಗೆ ಕೊಟ್ಟರು. ಅವರು ಹೂಂ ಹೂಂ ಎಂದು ಕೇಳಿ, ನನ್ನ ಕಡೆ ತಿರುಗಿ, "ರೀ ನೀಲವ್ವನವರೇ, ಆಚೆ ಗೋಡೆಯಿಂದ ಒಂದು ಬಿಳಿ ಪೈಪ್ ಬಂದು ಚರಂಡಿಗೆ ಬೀಳುತ್ತಂತೆ. ಗ್ಯಾಸ್ ಉರಿದಾಗ ಒಳಗೆ ನೀರು ಹುಟ್ಟುತ್ತಂತೆ, ಅದು ಹೊರಗೆ ಹೋಗೋ ದಾರಿ. ಅಲ್ಲಿ ಮಂಜುಗಟ್ಟಿದ್ರೆ ನೀರು ಹಿಂದಕ್ಕೆ ನಿಂತು ಬಾಯ್ಲರ್ ಆಫ್ ಆಗುತ್ತಂತೆ. ಆದ್ರೆ ಅಷ್ಟು ಗಿಡ್ಡ ಪೈಪು ದಿನಾ ಯಾಕೆ ಮಂಜುಗಟ್ಟುತ್ತೆ ಅಂತ ಕೇಳ್ತಿದಾನೆ" ಎಂದರು.

ಆ ಕ್ಷಣ ನನಗೆ ಉತ್ತರ ಗೊತ್ತಿತ್ತು. ಈ ಮನೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಬಟ್ಟೆ ಒಣಹಾಕಲು ಹೋದಾಗ ಆ ಬಿಳಿ ಪೈಪಿನಿಂದ ನೀರು ತೊಟ್ಟಿಕ್ಕುವುದನ್ನು ಕಂಡಿದ್ದೆ. ಕನ್ನಡಿಯಂಥ ತಿಳಿನೀರು, ತೊಟ್ಟು ತೊಟ್ಟಾಗಿ ಸುಮ್ಮನೆ ಚರಂಡಿಗೆ. ನಾನು ಹುಟ್ಟಿದ ಕಡೆ ಅಕ್ಕಿ ತೊಳೆದ ನೀರಿಗೆ ದನ ಕಾಯುತ್ತಿತ್ತು, ಮುಖ ತೊಳೆದ ನೀರಿಗೆ ಬಳ್ಳಿ ಕಾಯುತ್ತಿತ್ತು. ಒಂದು ಕೊಡ ನೀರು ಎರಡು ಮೂರು ಜನ್ಮ ತಾಳಿ ಮುಗಿಸದೆ ಮಣ್ಣಿಗೆ ಹೋಗುತ್ತಿರಲಿಲ್ಲ. ನಲವತ್ತು ವರ್ಷದ ಲಂಡನ್ನಿನ ಮಳೆಯೂ ಆ ಬುದ್ಧಿಯನ್ನು ನನ್ನಿಂದ ತೊಳೆದುಹಾಕಿಲ್ಲ. ಹಳೆಯ ತೋಟದ ಪೈಪಿನ ನಾಲ್ಕು ಮೊಳದ ತುಂಡನ್ನು ಆ ಬಾಯಿಗೆ ಸಿಕ್ಕಿಸಿ, ಚಿಂದಿಯಿಂದ ಬಿಗಿದು, ಕೌನ್ಸಿಲ್ಲಿನ ಕಸದ ತೊಟ್ಟಿಗಳ ಹಿಂದೆ ಯಾರಿಗೂ ಕಾಣದಂತೆ ಒಂದು ಪ್ಲಾಸ್ಟಿಕ್ ಕೊಡ ಇಟ್ಟಿದ್ದೆ. ದಿನಕ್ಕೊಂದು ಕೊಡ ನೀರು. ಅದರಲ್ಲಿ ಅಂಗಳ ತೊಳೆದೆ, ನೆಲ ಒರೆಸಿದೆ. ಕುಂಡದ ಮೆಂತ್ಯಕ್ಕೂ ಹಾಕಿದೆ. ಮೆಂತ್ಯ ಸೊರಗಿತು, ಬಿಸಿಲು ಸಾಲದ್ದಕ್ಕೆ ಎಂದುಕೊಂಡೆ. ಉರಿಯೂ ಬೆವರುತ್ತದೆ, ಆ ಬೆವರನ್ನು ಹಿಡಿದಿಟ್ಟವಳು ನಾನು ಎಂಬ ಹಿಗ್ಗಿನಲ್ಲಿ ಗಂಡನಿಗೂ ಹೇಳಿರಲಿಲ್ಲ. ಈಗ ಹಿಮದ ಇರುಳುಗಳಲ್ಲಿ, ನೆಲದ ಮೇಲೆ ಮಲಗಿದ ಆ ತೆಳ್ಳನೆಯ ಪೈಪು ಮೂತಿಯನ್ನು ಕೊಡದ ನೀರಿನಲ್ಲಿ ಅದ್ದಿಕೊಂಡು ಉದ್ದಕ್ಕೂ ಹೆಪ್ಪುಗಟ್ಟುತ್ತಿತ್ತು. ಮಧ್ಯಾಹ್ನ ಆ ಗೋಡೆಗೆ ಬಿಸಿಲು ಬೀಳುತ್ತಿತ್ತು, ಕರಗುತ್ತಿತ್ತು. ಟೋನಿ ಬರುತ್ತಿದ್ದ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಾಯ್ಲರಿನ ಮೇಲೆ ತಪ್ಪು ಹೊರಿಸಿ, ಬೀಗತಿಯ ಕಾರು ಹೋದಮೇಲೆ ಕೊಡವನ್ನು ಎತ್ತಿಟ್ಟರಾಯಿತು. ಆದರೆ ಬಾಣಂತಿ ಸ್ಟ್ಯಾನ್ಮೋರಿಗೆ ಹೋಗುತ್ತಾಳೆ. ಬಾಯಿಬಿಟ್ಟರೆ ಮಗಳು ನನ್ನ ಮನೆಗೆ ಬರುತ್ತಾಳೆ. ಆದರೆ ಈ ಹೆಂಗಸಿನ ಮುಂದೆ ಬದುಕಿರುವ ತನಕ ನಾನು ಕೊಡ ಇಟ್ಟ ನೀಲವ್ವ. ಎಷ್ಟು ಹೊತ್ತು ಯೋಚಿಸಿದೆನೆಂದು ಸುಳ್ಳು ಬರೆಯುವುದಿಲ್ಲ. ಹಾಲು ಉಕ್ಕುವಷ್ಟು ಹೊತ್ತಾದರೂ ಯೋಚಿಸಿದೆ.

"ಗಿಡ್ಡ ಪೈಪಲ್ರಿ ಅದು" ಎಂದೆ. "ನಾ ಉದ್ದ ಮಾಡೀನಿ. ಬರ್ರಿ, ತೋರಸ್ತೀನಿ."

ತೊಟ್ಟಿ ಸರಿಸಿ ತೋರಿಸಿದೆ. ನಮ್ಮವರು ಕೊಡ ನೋಡಿದರು, ನನ್ನನ್ನು ನೋಡಿದರು, "ಎರಡು ಸಲ ಅಂವಗ ಪೈಪು ಸರಿ ಐತಿ ಅಂತ ನಾ ಹೇಳೀನಲ್ಲೇ" ಎಂದು ಕಸದ ತೊಟ್ಟಿಗೆ ದೂರು ಹೇಳಿದ ಹಾಗೆ ಹೇಳಿದರು. ಬೀಗತಿ ಮೊಬೈಲಿನಲ್ಲಿ ಫೋಟೋ ತೆಗೆದು ಟೋನಿಗೆ ಕಳಿಸಿದರು. ಆಮೇಲೆ ಅವನ ನಗು ನನಗೂ ಕೇಳಿಸಿತು. ತೋಟದ ಪೈಪು ಕಿತ್ತುಹಾಕಿ, ಬಿಳಿ ಪೈಪಿನ ಮೇಲೆ ಬಿಸಿನೀರು ಹಾಕಿ, ಕುದಿಯುವ ನೀರು ಬೇಡ, ಒಡೆದೀತು, ಕೈ ತಾಳುವಷ್ಟು ಬಿಸಿ ಸಾಕು ಎಂದನಂತೆ.

ಕೈ ತಾಳುವಷ್ಟು ಬಿಸಿ. ಆ ಅಳತೆ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕೆಟಲಿನಲ್ಲಿ ಕಾಯಿಸಿ, ಬಕೆಟಿನಲ್ಲಿ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ ತಂದೆ. ಚಿಂದಿ ಬಿಚ್ಚಿ ತೋಟದ ಪೈಪನ್ನು ಕಿತ್ತೆ. ಬೀಗತಿ ಕೋಟಿನ ತೋಳು ಮಡಚಿ ಬಿಳಿ ಪೈಪಿನ ಕೆಳಗೆ ಕೈಕೊಟ್ಟು ಹಿಡಿದರು. ನಾನು ತಂಬಿಗೆಯಿಂದ ಮೆಲ್ಲಗೆ ಹೊಯ್ದೆ. ಹಿಮದ ಅಂಗಳದಲ್ಲಿ ಇಬ್ಬರು ಮುದುಕಿಯರು ಒಂದು ಪ್ಲಾಸ್ಟಿಕ್ ಪೈಪಿಗೆ ಎರೆಯುತ್ತಿದ್ದೆವು, ಸುತ್ತ ಹಬೆ, ಬೇಲಿಯಾಚೆಯಿಂದ ಪಕ್ಕದ ಮನೆಯವನು ಇಣುಕಿ ಮುಖ ಹಿಂದಕ್ಕೆಳೆದುಕೊಂಡ. ಆರನೆಯ ತಂಬಿಗೆಗೆ ಗೇಣುದ್ದದ ಹಿಮದ ಕೋಲೊಂದು ಕಬ್ಬಿನ ತುಂಡಿನಂತೆ ಜಾರಿ ಕೆಳಗೆ ಬಿತ್ತು, ಹಿಂದೆಯೇ ನೀರು ಭಳ್ಳೆಂದು ಬಂತು.

ಕೊಡದ ನೀರಿಗೆ ಬೆರಳದ್ದಿ ಮೂಸಿ ನೋಡಿದ ಬೀಗತಿ, ಇದು ಹುಳಿನೀರು, ನಿಮ್ಮ ಮೆಂತ್ಯವನ್ನು ಕೊಂದದ್ದು ಇದೇ ಎಂದರು. ಮೆಂತ್ಯ ಸತ್ತದ್ದು ಅವರಿಗೆ ಹೇಗೆ ಗೊತ್ತು ಎಂದು ಕೇಳಿದರೆ, ಹೋದ ಸಲ ಬಂದಾಗ ಕುಂಡ ನೋಡಿದ್ದರಂತೆ. ಆಮೇಲೆ ನಕ್ಕರು. ನಗು ತಡೆಯಲಾಗದೆ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟರು, ಅಷ್ಟು ಒಳ್ಳೆಯ ಕೋಟು ಹಾಕಿಕೊಂಡು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು, "ನಿಜ ಹೇಳ್ಬಿಡ್ತೀನ್ರೀ. ಈ ಬಾಯ್ಲರ್ ರಿಪೇರಿ ಆಗದೇ ಇರ್ಲಿ ಅಂತ ನಾನು ಈ ವಾರವೆಲ್ಲ ಅಂದ್ಕೊಂಡಿದ್ದೆ. ಮಗು ನಮ್ಮನೇಗೆ ಬರ್ಲಿ ಅಂತ" ಎಂದರು.

"ಗೊತ್ತೈತ್ರಿ" ಎಂದೆ. "ನಿಮ್ಮ ಜಾಗಾದಾಗ ನಾ ಇದ್ದಿದ್ರ, ಬಂದು ವೈರು ಕಿತ್ತು ಹೋಗ್ತಿದ್ದೆ."

ಅಷ್ಟರಲ್ಲಿ ಒಳಗಿಂದ ನಮ್ಮವರು ಹೊತ್ತಿತು ಹೊತ್ತಿತು ಎಂದು ಕೂಗಿದರು. ಹೋಗಿ ರೇಡಿಯೇಟರಿಗೆ ಅಂಗೈ ಒತ್ತಿದೆವು, ಇಬ್ಬರೂ ಅಕ್ಕಪಕ್ಕ. ಮೊದಲು ತಣ್ಣಗಿತ್ತು, ಆಮೇಲೆ ಅನುಮಾನ, ಆಮೇಲೆ ಬಿಸುಪು. ಬೀಗತಿ ಆಗ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಹನ್ನೊಂದಾಗಲು ಇನ್ನೂ ಹತ್ತು ನಿಮಿಷವಿರುವಾಗ ಮಗಳಿಗೆ ಫೋನು ಮಾಡಿದ್ದು ನಾನಲ್ಲ, ಅವರು. "ನಿಮ್ಮಮ್ಮನ ಮನೆ ಬೆಚ್ಚಗಿದೆ ಕಣಮ್ಮ, ಇಲ್ಲಿಗೇ ಬಾ" ಎಂದರು. ಕೊಡದ ಕಥೆ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ನಾನೇ ಹೇಳಿದೆ, ಸಂಜೆ ಬಾಣಂತಿ ಹಾಸಿಗೆಯ ಮೇಲೆ ಒರಗಿದ ಮೇಲೆ. ಅವಳು ಹೊಲಿಗೆ ನೋಯುತ್ತದೆ, ನಗಿಸಬೇಡ ಅವ್ವಾ ಎಂದು ಬೈದಳು.

ಮನೆ ಬೆಚ್ಚಗಿಡುವುದೆಂದರೆ ಉರಿ ಹೊತ್ತಿಸುವುದಷ್ಟೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಉರಿದದ್ದರಿಂದ ಹುಟ್ಟುವ ನೀರಿಗೂ ಒಂದು ಬಾಯಿ ಬೇಕು, ಅದನ್ನು ಕಟ್ಟಿ ಕೊಡಕ್ಕೆ ಇಳಿಸಿಕೊಂಡು ಕೂತರೆ ಉರಿಯೇ ಉಸಿರುಗಟ್ಟುತ್ತದೆ. ನನ್ನದು ನನ್ನದು ಎಂದು ಬಾಣಂತನವನ್ನು ಬಿಗಿಹಿಡಿದದ್ದೂ ಅದೇ ಕೈ, ಅದೇ ಚಿಂದಿ.

ಮರುದಿನ ಬೆಳಿಗ್ಗೆ ಬಾಯ್ಲರು ಸದ್ದಿಲ್ಲದೆ ಉರಿಯುತ್ತಿತ್ತು. ಕೂಸಿಗೆ ಎರೆಯಬೇಕು; ಎರೆಯಲು ಒಬ್ಬರು ಕಾಲು ಚಾಚಿ ಕೂತು ಕೂಸನ್ನು ಕಾಲಮೇಲೆ ಮಲಗಿಸಿಕೊಳ್ಳಬೇಕು, ಇನ್ನೊಬ್ಬರು ನೀರು ಹೊಯ್ಯಬೇಕು. ಎರಡೂ ಕೆಲಸವನ್ನು ಒಬ್ಬಳೇ ಮಾಡುವ ಉಪಾಯ ನನಗೆ ಗೊತ್ತಿತ್ತು. ನಾನು ಕೈ ಒರೆಸಿಕೊಂಡು ಸ್ಟ್ಯಾನ್ಮೋರಿಗೆ ಫೋನು ಹಚ್ಚಿ, "ಕಾಲು ಚಾಚಿ ನೀವು ಕೂಡ್ರಿ, ನೀರು ನಾ ಹಾಕ್ತೀನಿ, ಲಗೂನ ಬರ್ರಿ" ಎಂದೆ.