ಮೆಟ್ಟಿಲ ಮೇಲೆ ಕೂರುವವಳು

ಸೋಫಾ ಮೇಸ್ತ್ರಿಯ ಬಾಯಲ್ಲಿ ಕೆಲಸದ ಹೊತ್ತಿನಲ್ಲಿ ಯಾವಾಗಲೂ ಒಂದು ಹಿಡಿ ಮೊಳೆ ಇರುತ್ತದೆ. ಚಿಕ್ಕ, ಕಪ್ಪು ಮೊಳೆಗಳು. ನಾಲಗೆಯ ತುದಿಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಯ ಮೂತಿಗೆ ಅಂಟಿಸಿ, ಟಪ್ ಎಂದು ಚೌಕಟ್ಟಿಗೆ ಹೊಡೆಯುವುದು ಅವನು ಕಲಿತ ರೀತಿ. ಈಗಿನವರು ಪಿನ್ನು ಹೊಡೆಯುವ ಯಂತ್ರ ಇಟ್ಟುಕೊಂಡಿದ್ದಾರೆ, ಇವನಿಗೆ ಅದು ಒಗ್ಗಲಿಲ್ಲ. ಇಷ್ಟು ವರ್ಷದಲ್ಲಿ ಅವನು ನುಂಗಿರುವುದು ಒಂದೇ ಮೊಳೆ. ಅದೂ, ಬೇರೆ ಯಾರೋ ಸೋತಿದ್ದರಿಂದ ನಮ್ಮ ಊರಿನ ಫುಟ್‌ಬಾಲ್ ಟೀಮು ಮೇಲಿನ ದರ್ಜೆಗೆ ಹೋಯಿತೆಂದು ರೇಡಿಯೋದವನು ಕೂಗಿದ ಗಳಿಗೆಯಲ್ಲಿ. ಆ ಮೊಳೆಯ ಮುಂದಿನ ಕಥೆ ನಮಗೆ ಬೇಡ.

ಬಾಯಲ್ಲಿ ಮೊಳೆ ಇರುವವನನ್ನು ಯಾರೂ ಮಾತಿಗೆಳೆಯುವುದಿಲ್ಲ. ಅವನಿಗೂ ಮಾತು ಅಷ್ಟಕ್ಕಷ್ಟೆ. ವಾರವಿಡೀ ಕೂಡಿಟ್ಟುಕೊಂಡ ಮಾತನ್ನೆಲ್ಲ ಫುಟ್‌ಬಾಲ್ ಮ್ಯಾಚಿನ ದಿನ ಟಿ.ವಿ. ಮುಂದೆ ಒಂದೇ ಸಲ ಸುರಿದುಬಿಡುತ್ತಿದ್ದ.

ಮ್ಯಾಚಿನ ದಿನ ಆ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎನ್ನುವುದಕ್ಕೆ ಕಾನೂನಿತ್ತು. ಮೇಸ್ತ್ರಿ ಸೋಫಾದ ಎಡ ಮೂಲೆಯಲ್ಲಿ. ಆ ಮೂಲೆಯ ಸ್ಪ್ರಿಂಗು ಮುರಿದು ಯಾವ ಕಾಲವಾಯಿತೋ! ಊರಿನ ಸೋಫಾಗಳನ್ನೆಲ್ಲ ನೆಟ್ಟಗೆ ಮಾಡುವವನು ತನ್ನದನ್ನು ಮಾತ್ರ ಮುಟ್ಟಲಿಲ್ಲ. ಆ ಹಳ್ಳದಲ್ಲಿ ಕೂತಾಗಲೇ ಟೀಮು ಗೆಲ್ಲಲು ಶುರುಮಾಡಿದ್ದು, ರಿಪೇರಿ ಮಾಡಿ ಯಾರು ಕೈ ಸುಟ್ಟುಕೊಳ್ಳುತ್ತಾರೆ? ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ, ಗಿಡ್ಡ ಸ್ಟೂಲಿನ ಮೇಲೆ. ಅವಳ ತಮ್ಮ, ಸಿಟಿ ಬಸ್ಸಿನ ಡ್ರೈವರು, ಸೋಫಾದ ಹಿಂದೆ ನಿಂತುಕೊಂಡೇ ಇರಬೇಕು. ದಿನವೆಲ್ಲ ಬಸ್ಸಿನಲ್ಲಿ ಕೂತು ಕೂತು ಸಾಕಾಗಿದೆ ಎಂದು ಅವನು ನೆಪ ಹೇಳುತ್ತಿದ್ದ, ಆದರೆ ಅವನು ಕೂತರೆ ಟೀಮು ಸೋಲುತ್ತದೆ ಎನ್ನುವ ನಿಜ ಎಲ್ಲರಿಗೂ ಗೊತ್ತಿತ್ತು.

ಮಗಳ ಜಾಗ ಮನೆಯ ಹೊರಗೆ, ಮೆಟ್ಟಿಲ ಮೇಲೆ.

ಇದು ಶುರುವಾದದ್ದು ಹೀಗೆ. ಪುಟ್ಟಿ ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸಿನವಳು. ಒಂದು ಮ್ಯಾಚಿನ ನಡುವೆ ಕೆಳಕ್ಕುರುಳಿದ ತನ್ನ ಆಟದ ಚೆಂಡನ್ನು ತರಲು ಮೆಟ್ಟಿಲಿಳಿದು ಹೋದಳು, ನಮ್ಮವರು ಗೋಲು ಹೊಡೆದರು. ಒಳಗೆ ಬಂದಳು, ಎದುರಿನವರು ಹೊಡೆದರು. ಮಾವ ತಮಾಷೆಗೆ ಅವಳನ್ನು ಮತ್ತೆ ಹೊರಗೆ ಕಳಿಸಿದ, ನಮ್ಮವರು ಇನ್ನೊಂದು ಹೊಡೆದರು. ಮುಗಿಯಿತಲ್ಲ! ಅಂದಿನಿಂದ ಆಟ ಬಿಸಿಯೇರಿದಾಗಲೆಲ್ಲ "ಪುಟ್ಟೀ, ಮೆಟ್ಟಿಲು!" ಎಂದು ಕೂಗು ಹಾಕುವರು, ಅವಳು ಚಪ್ಪಲಿ ಮೆಟ್ಟಿ ಹೊರಡುವಳು. ಗೋಲಾದರೆ "ಬಾರೇ, ರಿಪ್ಲೇ!" ಎಂದು ಕರೆಯುವರು. ಓಡಿ ಬಂದು, ರಿಪ್ಲೇ ನೋಡಿ, ಕುಣಿದು, ಮತ್ತೆ ಹೊರಗೆ. ಹುಡುಗಿ ಬೆಳೆದು ಕಾಲೇಜಿಗೆ ಹೋದಳು, ಆ ಮನೆಯಲ್ಲಿ ಆಟ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತಿದ್ದದ್ದು ಅವಳಿಗೇ, ಆದರೂ ನಮ್ಮ ಟೀಮಿನ ಒಂದೇ ಒಂದು ಗೋಲನ್ನೂ ಆಗುವಾಗ ಅವಳು ಕಣ್ಣಾರೆ ಕಂಡಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆಯೇ ಇತ್ತೆನ್ನಿ. "ಸೆಂಟರ್ ಫಾರ್ವರ್ಡಿಗಿಂತ ಜಾಸ್ತಿ ಗೋಲು ನಂದೇ," ಎಂದು ಗೆಳತಿಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು.

ಇಂಥ ಮನೆಯ ಟೀಮು ಕೊನೆಗೂ ಫೈನಲ್ಲಿಗೆ ಬಂತು. ಕಪ್ಪನ್ನು ಎಂದೂ ಗೆಲ್ಲದ ಟೀಮು. ಭಾನುವಾರ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಪುಟ್ಟಿ ಮೊದಲಿನಿಂದಲೂ ಹೊರಗೆ. ನಮ್ಮವರು ಒಂದು ಗೋಲು ಹೊಡೆದು, ಅದನ್ನೇ ಹಲ್ಲು ಕಚ್ಚಿ ಹಿಡಿದುಕೊಂಡು, ಆಟ ಮುಗಿಯುವ ಹಂತಕ್ಕೆ ತಂದರು. ರೆಫರಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಆಗ ಮೇಸ್ತ್ರಿ ತನ್ನ ಹಳ್ಳದಿಂದ ಎದ್ದ.

ಎದ್ದದ್ದು ಪ್ರೀತಿಯಿಂದ. ಇಷ್ಟು ವರ್ಷ ಹೊರಗೆ ಕೂತ ಮಗಳು ಈ ಒಂದನ್ನಾದರೂ ಆಗುವಾಗಲೇ ನೋಡಲಿ ಎಂದು ಅವನ ಕರುಳು ಹೇಳಿತು. ಬಾಗಿಲು ತೆಗೆದು ಕರೆದ.

"ಬಾ ಪುಟ್ಟಿ. ಕಪ್ ಎತ್ತೋದನ್ನ ನೀನೂ ನೋಡು."

"ಬೇಡಪ್ಪ, ಪೂರ್ತಿ ಮುಗೀಲಿ."

"ಮುಗೀತು ಕಣೇ, ಬಾ!" ಎಂದು ಕೈ ಹಿಡಿದು ಎಳೆದುಕೊಂಡೇ ಬಂದ.

ಅವಳು ಒಳಗೆ ಬಂದು ಗೋಡೆಗೆ ಒರಗಿದಳೋ ಇಲ್ಲವೋ, ಎದುರಿನವರ ಉದ್ದನೆಯ ಹೊಡೆತವೊಂದು ಯಾರದೋ ಮೊಣಕಾಲಿಗೆ ತಗಲಿ, ನಮ್ಮ ಗೋಲ್‌ಕೀಪರನ ಕೈತಪ್ಪಿ, ಬಲೆಗೆ ಬಿತ್ತು. ಡ್ರೈವರು ಟಿ.ವಿ.ಯನ್ನೇ ನೋಡುತ್ತಿದ್ದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಸ್ತ್ರಿ ಮಾತ್ರ ಟಿ.ವಿ.ಯ ಕಡೆಯಿಂದ ಕತ್ತು ತಿರುಗಿಸಿ ಮಗಳನ್ನು ನೋಡಿದ.

ನೋಡಿದ, ಅಷ್ಟೆ. ಬೈಯಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತು ಮತ್ತೆ ಟಿ.ವಿ.ಯ ಕಡೆಗೆ ಬಂದಿತ್ತು. ಆದರೆ ಮಗಳು ಆ ನೋಟವನ್ನು ಕಂಡಳು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ಸಮವಾಯಿತೆಂದು ಕೊಟ್ಟ ಹೆಚ್ಚುವರಿ ಸಮಯದಲ್ಲಿ ಎದುರಿನವರು ಇನ್ನೊಂದು ಗೋಲು ಹೊಡೆದರು. ಪುಟ್ಟಿ ಆಗ ಮೆಟ್ಟಿಲ ಮೇಲೇ ಇದ್ದಳು. ಸೋತೆವು.

ಆಮೇಲೆ ಯಾರೂ ಟಿ.ವಿ. ಆರಿಸಲಿಲ್ಲ. ಬೇರೆಯವರು ಕಪ್ ಎತ್ತಿದರು, ಬಣ್ಣದ ಕಾಗದ ಹಾರಿತು, ಆಮೇಲೆ ಸೋಪಿನ ಜಾಹೀರಾತು ಬಂತು, ಮೂವರೂ ಅದನ್ನೂ ನೋಡಿದರು. ಡ್ರೈವರು ಶೂ ಹಾಕಿಕೊಂಡು, ಲೇಸು ಕಟ್ಟಿ, ಯಾಕೋ ಬಿಚ್ಚಿ, ಮತ್ತೆ ಕಟ್ಟಿದ. ಮಗಳನ್ನು ಒಳಗೆ ಕರೆಯಬೇಕೆಂದು ಎಲ್ಲರಿಗೂ ಹೊಳೆದಿತ್ತು. ಇವರು ಕರೆಯುತ್ತಾರೆಂದು ಅವರು, ಅವರು ಕರೆಯುತ್ತಾರೆಂದು ಇವರು. ಕೊನೆಗೆ ಅವಳೇ ಬಾಗಿಲು ತಳ್ಳಿಕೊಂಡು ಬಂದು, ಕೈಕಾಲು ತೊಳೆದು, ಓದುವ ಪುಸ್ತಕ ತೆಗೆದಳು.

ಮಾರನೆಯ ದಿನದಿಂದ ಊರಿಗೆ ಊರೇ ಮರಗಟ್ಟಿದ ಹಾಗಿತ್ತು. ಅಳುವವರಿಲ್ಲ, ಬೈಯುವವರಿಲ್ಲ. ಪೇಪರಿನ ಅಂಗಡಿಯವನು ಆಟದ ಪುಟ ಒಳಗಾಗುವ ಹಾಗೆ ಮಡಚಿ ಕೊಡುತ್ತಿದ್ದ. ಬಸ್ಸಿನಲ್ಲಿ ಜನ ಹವಾಮಾನದ ಬಗ್ಗೆ ಮಾತಾಡಿದರು. ಮೇಸ್ತ್ರಿ ಅಂಗಡಿಯಲ್ಲಿ ಫೋಮು ಕತ್ತರಿಸಿದ, ಬಟ್ಟೆ ಎಳೆದ, ಮೊಳೆ ಹೊಡೆದ. ಕೈ ತನ್ನ ಪಾಡಿಗೆ ತಾನು ದುಡಿಯುತ್ತಿತ್ತು, ಎದೆಯೊಳಗೆ ಮಾತ್ರ ಏನೂ ಇರಲಿಲ್ಲ. ದುಃಖ ಬಂದರೆ ಅತ್ತಾದರೂ ಹಗುರಾಗಬಹುದಿತ್ತು, ಅದೂ ಬರಲಿಲ್ಲ. ಒಂದು ಕುರ್ಚಿಗೆ ಹೊದಿಕೆ ಹಾಕಿ ಮುಗಿಸಿದಾಗ ಗಿರಾಕಿ, ಮೇಷ್ಟ್ರೊಬ್ಬರು, ಕುರ್ಚಿಯ ಬೆನ್ನನ್ನೇ ನೋಡುತ್ತಾ ನಿಂತರು.

"ಮೇಸ್ತ್ರಿ, ಹಕ್ಕಿಗಳೆಲ್ಲ ತಲೆಕೆಳಗಾಗಿ ಹಾರ್ತಿವೆಯಲ್ಲ?"

ನೋಡಿದರೆ ನಿಜ, ಹಕ್ಕಿಯ ಚಿತ್ತಾರದ ಬಟ್ಟೆಯನ್ನು ಉಲ್ಟಾ ಹೊಡೆದಿದ್ದ. ಬಾಯಿಂದ ಮೊಳೆ ಉಗಿದು, ಬಿಚ್ಚಿ ಮತ್ತೆ ಹಾಕಿಕೊಡುತ್ತೇನೆ ಎಂದ.

"ಇರಲಿ ಬಿಡಿ," ಎಂದರು ಮೇಷ್ಟ್ರು. "ನಾನೂ ಬೆಳಿಗ್ಗೆ ಬೇರೆ ಕ್ಲಾಸಿಗೆ ಹೋಗಿ ಅರ್ಧ ಪಾಠ ಮಾಡಿಬಂದೆ. ಮಕ್ಕಳೂ ಸುಮ್ನೆ ಕೇಳಿಸ್ಕೊಂಡ್ರು."

ಮನೆಯಲ್ಲಿ ಪುಟ್ಟಿ ಮುನಿಸಿಕೊಂಡಿರಲಿಲ್ಲ. ಮುನಿಸಿಕೊಂಡಿದ್ದರೆ ಎಷ್ಟೋ ವಾಸಿ. ಕೇಳಿದ್ದಕ್ಕೆ ಉತ್ತರ ಕೊಡುವಳು, ಊಟಕ್ಕೆ ಕರೆದರೆ ಬರುವಳು, ಲೋಟ ತೊಳೆದಿಡುವಳು. ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ ಒಳ್ಳೆಯವಳಾಗಿಬಿಟ್ಟಿದ್ದಳು. ಟಿ.ವಿ.ಯಲ್ಲಿ ಫುಟ್‌ಬಾಲ್ ಸುದ್ದಿ ಬಂದರೆ ಎದ್ದು ಹೋಗುವಳು. ತಂದೆ ರೂಮಿಗೆ ಬಂದರೆ ತಿರುಗಿಯೂ ನೋಡಳು. ಮೇಸ್ತ್ರಿಗೆ ಇದೆಲ್ಲ ಕಾಣುತ್ತಿತ್ತು. ಕಂಡಷ್ಟೂ ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂರತೊಡಗಿದ, ಬೇಡದ ಕೆಲಸಕ್ಕೂ ಬಾಯಿ ತುಂಬ ಮೊಳೆ ತುಂಬಿಕೊಂಡ.

ಒಂದು ದಿನ ಹೆಂಡತಿ, ಬ್ಯಾಗು ಹೊಲಿಯುವ ಕಾರ್ಖಾನೆಯಿಂದ ಬಂದವಳು, ನೇರವಾಗಿ ಅಂಗಡಿಗೇ ಬಂದಳು.

"ರೀ, ಅವಳ ಹತ್ರ ಮಾತಾಡಿ."

ಮೇಸ್ತ್ರಿ ಬಾಯಿ ತೋರಿಸಿದ.

"ಉಗೀರಿ ಅದನ್ನ. ಮಾತಾಡಿ ಅಂದೆ."

ಉಗಿದ. "ಏನಂತ ಮಾತಾಡ್ಲಿ?"

"ಏನಂತ ಅಂತ ನಿಮಗೆ ಗೊತ್ತು. ನೀವು ನೋಡಿದ್ದನ್ನ ನಾನೂ ನೋಡಿದೀನಿ."

ಆ ಸಂಜೆ ಅವನು ಮಗಳ ಮುಂದೆ ಹೋಗಿ ನಿಂತ.

"ಎರಡನೇ ಗೋಲು ಆದಾಗ ನೀನು ಹೊರಗೇ ಇದ್ದೆ," ಎಂದ.

"ಹೂಂ."

"ಅಂದ್ರೆ ನಿನ್ನಿಂದ ಏನೂ ಆಗಿಲ್ಲ."

"ಗೋಲಿನ ವಿಷ್ಯ ಅಲ್ಲಪ್ಪ," ಎಂದಳು ಪುಟ್ಟಿ, ಪುಸ್ತಕದಿಂದ ತಲೆಯೆತ್ತದೆ. "ನಾನು ಬೇಡ ಅಂದಿದ್ದೆ. ನೀನೇ ಎಳ್ಕೊಂಡು ಬಂದೆ. ಆಮೇಲೆ ನನ್ನ ಕಡೆ ನೋಡಿದೆ."

ಅವಳು ಇಷ್ಟು ನೇರವಾಗಿ ಹೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಅದೆಲ್ಲ ನಾನು ನಂಬುವುದಿಲ್ಲ ಕಣೇ ಎಂದುಬಿಡಬೇಕಿತ್ತು. ನಂಬುವುದಿಲ್ಲವೆಂದು ಹದಿನಾರಾಣೆ ಹೇಳುವಂತಿದ್ದರೆ ಹೇಳುತ್ತಿದ್ದ. ಒಂದು ಆಣೆ ಕಡಿಮೆ ಬಿತ್ತು. ಹೊಟ್ಟೆಯ ಯಾವುದೋ ಮೂಲೆಯಲ್ಲಿ, ಅವಳನ್ನು ಕರೆಯದೇ ಇದ್ದಿದ್ದರೆ ಎನ್ನುವ ಮಾತು ಇನ್ನೂ ಕೂತಿತ್ತು, ಅದಕ್ಕೆ ಅವನಿಗೇ ತನ್ನ ಮೇಲೆ ಅಸಹ್ಯವಾಗುತ್ತಿತ್ತು. ಮಗಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅಂಗಡಿಗೆ ವಾಪಸ್ಸು ಹೋದ.

ತಿಂಗಳುಗಳು ಕಳೆದು ಹೊಸ ಪಂದ್ಯಾವಳಿ ಶುರುವಾಯಿತು. ಮೊದಲ ಮ್ಯಾಚಿಗೆ ಡ್ರೈವರು ಬಂದು ಸೋಫಾದ ಹಿಂದೆ ನಿಂತ. ಆಟ ಶುರುವಾಗುವ ಮುಂಚೆಯೇ ಪುಟ್ಟಿ ಎದ್ದು, ಯಾರೂ ಹೇಳದೆಯೇ, ಚಪ್ಪಲಿ ಹುಡುಕತೊಡಗಿದಳು. ಅದನ್ನು ನೋಡಿ ಮೇಸ್ತ್ರಿ ಕೂಗಿ ಕರೆದ.

"ಎಲ್ಲಿಗೆ? ಬಾ ಇಲ್ಲಿ, ಕೂತ್ಕೋ. ಇನ್ಮೇಲೆ ಈ ಮನೇಲಿ ಯಾರೂ ಹೊರಗೆ ಹೋಗೋ ಹಾಗಿಲ್ಲ."

"ಭಾವ..." ಎಂದು ಡ್ರೈವರು ಬಾಯಿ ತೆರೆದ.

"ಲೋ, ನೀನು ಬಾಯಿ ಮುಚ್ಚು," ಎಂದಳು ಅವನ ಅಕ್ಕ, ಸ್ಟೂಲಿನ ಮೇಲಿಂದ.

ಪುಟ್ಟಿ ಸೋಫಾದ ಬಲ ತುದಿಯಲ್ಲಿ ಕೂತಳು. ಆಟ ಶುರುವಾಯಿತು. ಮೇಸ್ತ್ರಿ ಒಂದು ನಿರ್ಧಾರ ಮಾಡಿಕೊಂಡಿದ್ದ: ಆಕಾಶವೇ ತಲೆಯ ಮೇಲೆ ಬಿದ್ದರೂ ಮಗಳ ಕಡೆ ಕತ್ತು ತಿರುಗಿಸಬಾರದು. ಎದುರಿನವರು ನುಗ್ಗಿ ಬಂದರು, ತಿರುಗಲಿಲ್ಲ. ಚೆಂಡು ಕಂಬಕ್ಕೆ ಬಡಿಯಿತು, ತಿರುಗಲಿಲ್ಲ. ಎದುರಿನವರು ಗೋಲು ಹೊಡೆದೇಬಿಟ್ಟರು, ಡ್ರೈವರು ತಲೆ ಚಚ್ಚಿಕೊಂಡ, ಮೇಸ್ತ್ರಿ ಕಲ್ಲಿನಂತೆ ಕೂತಿದ್ದ. ಕತ್ತಿನ ನರ ನೋಯುತ್ತಿತ್ತು. ಗೆದ್ದೆ ಎಂದುಕೊಂಡ.

ಆಮೇಲೆ ಟಿ.ವಿ.ಯಲ್ಲಿ ಒಂದು ಗಳಿಗೆ ಚಿತ್ರ ಹೋಗಿ ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಸೋಫಾ ಕಂಡಿತು, ಅದರ ಮೇಲೆ ಕೂತ ತಾವಿಬ್ಬರೂ ಕಂಡರು. ಪುಟ್ಟಿ ಟಿ.ವಿ. ನೋಡುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದಳು. ಬಹುಶಃ ಮೊದಲಿನಿಂದಲೂ ಅಷ್ಟೇ. ಅಪ್ಪನ ಕತ್ತು ಯಾವಾಗ ತಿರುಗುತ್ತದೆ ಎಂದು ಕಾಯುತ್ತಾ, ಮಡಿಲಲ್ಲಿ ಕೈ ಬಿಗಿದುಕೊಂಡು ಕೂತಿದ್ದಳು.

ಚಿತ್ರ ಮರಳಿ ಬಂತು. ಮೇಸ್ತ್ರಿ ಎದ್ದ.

"ಎಲ್ಲಿಗ್ರೀ?" ಎಂದಳು ಹೆಂಡತಿ.

"ನೀವು ನೋಡ್ತಿರಿ. ನಾನು ಹೊರಗಿರ್ತೀನಿ." ಮಗಳ ಕಡೆ ತಿರುಗಿ, ಈ ಸಲ ಬೇಕೆಂದೇ ಕಣ್ಣಿಗೆ ಕಣ್ಣಿಟ್ಟು ಹೇಳಿದ: "ನನ್ನ ಮುಖದಲ್ಲಿ ಏನೂ ಇಲ್ಲ ಪುಟ್ಟಿ. ಆಟ ನೋಡು."

ಹೊರಗೆ ಮೆಟ್ಟಿಲು ತಣ್ಣಗಿತ್ತು. ಅವನು ದಿನಾ ಹತ್ತಿ ಇಳಿಯುವ ಮೆಟ್ಟಿಲೇ, ಆದರೆ ಒಂದು ದಿನವೂ ಅಲ್ಲಿ ಕೂತವನಲ್ಲ. ಎದುರಿಗೆ ನೀರಿನ ಪೈಪು, ಸುಣ್ಣ ಉದುರಿದ ಗೋಡೆ, ಯಾರದೋ ಮನೆಯ ಮುಂದಿನ ಚಪ್ಪಲಿ ಜೋಡಿ. ನೋಡಲು ಇನ್ನೇನೂ ಇಲ್ಲ. ಮುಚ್ಚಿದ ಬಾಗಿಲಿನಾಚೆಯ ಗದ್ದಲದಲ್ಲಿ ನಮ್ಮವರದು ಯಾವುದು, ಅವರದು ಯಾವುದು ಎಂದು ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ. ಒಂದು ಮಗು ಇಲ್ಲಿ ಕೂತು ದೊಡ್ಡದಾಯಿತಲ್ಲ ಎಂದುಕೊಂಡ.

ಎಷ್ಟೋ ಹೊತ್ತಿನ ಮೇಲೆ ಒಳಗೆ ಬೊಬ್ಬೆ ಎದ್ದಿತು. ಬಾಗಿಲು ಧಡಾರೆಂದು ತೆರೆಯಿತು. ಪುಟ್ಟಿಯ ಮುಖವೆಲ್ಲ ಕೆಂಪು, ಕೂದಲು ಕೆದರಿತ್ತು.

"ಅಪ್ಪಾ, ಗೋಲು! ನಮ್ದು! ಕಾರ್ನರಿಂದ ಬಂತು, ತಲೇಲಿ ಹೊಡೆದ! ಚೆಂಡು ಕಾಲಿಂದ ಹೊರಟಾಗ್ಲಿಂದ ನೋಡಿದೆ ಅಪ್ಪಾ, ನಾನೇ ನೋಡಿದೆ!"

ಮೇಸ್ತ್ರಿ ಮೊಣಕಾಲಿಗೆ ಕೈ ಕೊಟ್ಟು ಎದ್ದ. ಅವಳನ್ನು ಎತ್ತಿ ಕುಣಿಸಬೇಕೆನ್ನಿಸಿತು, ರಿಪ್ಲೇ ನೋಡಬೇಕೆನ್ನಿಸಿತು. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

"ಅಯ್ಯೋ, ಬರಬೇಡ!" ಎಂದು ಪುಟ್ಟಿ ಎರಡೂ ಕೈ ಅಡ್ಡ ಹಿಡಿದಳು. "ಅಲ್ಲೇ ಕೂತ್ಕೋ ಅಪ್ಪಾ, ಅಲ್ಲಾಡಬೇಡ, ಇನ್ನೂ ಟೈಮಿದೆ!" ಬಾಗಿಲು ಮುಚ್ಚಿಕೊಂಡಿತು.

ಅವನು ಮತ್ತೆ ಕೂತ. ಫೈನಲ್ಲಿನ ದಿನ ಬಾರದ ಅಳು, ಆಮೇಲೆ ಇಷ್ಟು ತಿಂಗಳು ಬಾರದ ಅಳು, ಈಗ ಬಂತು. ಒರೆಸಿಕೊಂಡಷ್ಟೂ ಬಂತು. ಮೇಲಿನ ಮಹಡಿಯ ನರ್ಸಮ್ಮ ಡ್ಯೂಟಿಗೆ ಹೊರಟು ಕೆಳಗಿಳಿಯುತ್ತಾ ಇವನನ್ನು ಕಂಡು ಗಾಬರಿಯಾದಳು.

"ಯಾಕೆ ಮೇಸ್ತ್ರಿ? ಮತ್ತೆ ಸೋತ್ರಾ?"

"ಇಲ್ಲಮ್ಮ. ಸಮ ಆಯ್ತು ಈಗಷ್ಟೇ."

"ಮತ್ತೆ ಹೊರಗ್ಯಾಕೆ ಕೂತಿದೀರಿ, ಒಳಗೆ ಹೋಗಿ ನೋಡೋದಲ್ವಾ?"

ಮೇಸ್ತ್ರಿ ಅವಳಿಗೆ ದಾರಿ ಬಿಡಲು ಗೋಡೆಯ ಕಡೆಗೆ ಸರಿದು ಕೂತ.

"ಮಗಳು ಬರಬೇಡ ಅಂದಿದಾಳೆ," ಎಂದ.